ಉಡಿಯಿಂದ ಉಡಿಗೆ: ಕೃಷ್ಣಾ ತೀರದ ದತ್ತಕ ಪದ್ಧತಿ ಮತ್ತು ಹಡೆದವರ ಮರುಬೇಡಿಕೆ

ಚಿಕ್ಕೋಡಿ ತಾಲ್ಲೂಕಿನ ಯಡೂರು ಕೃಷ್ಣೆಯ ದಂಡೆಯ ಊರು. ವೀರಭದ್ರೇಶ್ವರನ ಗುಡಿಯಿಂದ ಹೆಸರಾದದ್ದು. ಮಹಾರಾಷ್ಟ್ರದ ಗಡಿ ಹತ್ತಿರದಲ್ಲೇ ಇದೆ, ಬೀಗತನಗಳು ಗಡಿಯ ಆಚೆಗೂ ಈಚೆಗೂ ನಡೆಯುತ್ತವೆ. ಮಕ್ಕಳಿಲ್ಲದ ಅಣ್ಣನ ಉಡಿಗೆ ತಮ್ಮ ತನ್ನ ಎರಡನೆಯ ಗಂಡುಮಗುವನ್ನು ಹಾಕುವುದು, ತವರಿನ ಕೂಸನ್ನು ಅಕ್ಕ ತನ್ನಲ್ಲಿಗೆ ಒಯ್ದು ಸಾಕುವುದು ಇಲ್ಲಿಯೂ ಅಥಣಿ, ರಾಯಬಾಗ, ನಿಪ್ಪಾಣಿ, ಕಾಗವಾಡ ಸೀಮೆಗಳಲ್ಲಿಯೂ ಹಿಂದಿನಿಂದ ಬಂದ ನಡವಳಿಕೆ. ಬಹುಪಾಲು ಇವು ಸುಖವಾಗಿಯೇ ಸಾಗುತ್ತವೆ. ಆದರೆ ಕೆಲವು ಸಲ ಹಡೆದವರ ಮನಸ್ಸು ತಿರುಗುತ್ತದೆ. ಉಳಿದ ಮಗು ತೀರಿಕೊಂಡಿರುತ್ತದೆ, ಅಥವಾ ಅಣ್ಣ-ತಮ್ಮಂದಿರಲ್ಲಿ ಹೊಲದ ಪಾಲಿಗೆ ಮನಸ್ತಾಪ ಬಂದಿರುತ್ತದೆ, ಅಥವಾ ತಾಯಿಗೆ ತಡೆಯಲಾಗುವುದಿಲ್ಲ, ಅಷ್ಟೇ. ಆಗ ಮಗು ಯಾರದು? ಈ ಪ್ರಶ್ನೆಗೆ ಕಾಯಿದೆ ಏನು ಉತ್ತರ ಕೊಡುತ್ತದೆ, ಆ ಉತ್ತರ ಹೇಗೆ ರೂಪುಗೊಂಡಿತು ಎಂಬುದನ್ನು ನೋಡುವುದು ಈ ಟಿಪ್ಪಣಿಯ ಉದ್ದೇಶ. ಮಗುವನ್ನು ಮಠಕ್ಕೆ ಮರಿಯಾಗಿ ಬಿಡುವ ಪದ್ಧತಿಯನ್ನು ಇಲ್ಲಿ ಸೇರಿಸಿಲ್ಲ. ಅದರ ಜಾಡೇ ಬೇರೆ.

ನನ್ನ ವಾದವನ್ನು ಮೊದಲೇ ಹೇಳುತ್ತೇನೆ. ನಮ್ಮ ದತ್ತಕ ಕಾಯಿದೆ ಹುಟ್ಟಿ ಬೆಳೆದದ್ದು ಆಸ್ತಿ ಮತ್ತು ವಂಶದ ಪ್ರಶ್ನೆಯಾಗಿ. ಮಗು ಯಾರ ಮನೆಯಲ್ಲಿ ಮಲಗಬೇಕು, ಯಾರ ಮುಖ ನೋಡಬೇಕು ಎಂಬುದು ಅದರಲ್ಲಿ ಹಕ್ಕಿನ ಹಿಂದೆ ತಾನಾಗಿ ಬರುವ ಸಂಗತಿ. ಮಗುವಿನ ಪಾಲನೆಯ ಕಾಯಿದೆ ಬೆಳೆದದ್ದು ಬೇರೆ ದಾರಿಯಲ್ಲಿ. ಅಲ್ಲಿ ಮಗುವಿನ ಹಿತವೇ ಮೊದಲು. ಹಡೆದವರೂ ಸಾಕಿದವರೂ ಕಟಕಟೆ ಹತ್ತಿದಾಗ ಈ ಎರಡು ದಾರಿಗಳು ಒಂದಕ್ಕೊಂದು ಅಡ್ಡ ಬರುತ್ತವೆ.

ಮೊದಲು ಕಾರ್ಯವನ್ನೇ ನೋಡೋಣ. ಮನೆಯ ಜಗಲಿಯಲ್ಲಿ ಅಥವಾ ಪಡಸಾಲೆಯಲ್ಲಿ ಕಂಬಳಿ ಹಾಸುತ್ತಾರೆ. ಅಯ್ಯನವರನ್ನೋ ಭಟ್ಟರನ್ನೋ ಕರೆಯುತ್ತಾರೆ, ಜೈನರ ಮನೆಯಾದರೆ ಬಸದಿಯ ಉಪಾಧ್ಯೆಯವರು ಬರುತ್ತಾರೆ. ಜೈನರಲ್ಲಿ ದತ್ತಕ ಪರಲೋಕದ ಪುಣ್ಯಕ್ಕಲ್ಲ, ಬರೀ ಲೋಕವ್ಯವಹಾರ ಎಂದು ನ್ಯಾಯಾಲಯಗಳು ಹಿಂದಿನಿಂದಲೂ ಒಪ್ಪಿವೆ. ಮಗುವಿಗೆ ಹೊಸ ಅಂಗಿ ತೊಡಿಸುತ್ತಾರೆ. ಹಡೆದವರು ಮಗುವನ್ನೆತ್ತಿ ತೆಗೆದುಕೊಳ್ಳುವವರ ತೊಡೆಯ ಮೇಲೆ ಕೂರಿಸುತ್ತಾರೆ. ಅಕ್ಷತೆ ಬೀಳುತ್ತದೆ, ಸಕ್ಕರೆ ಹಂಚುತ್ತಾರೆ. ಪಂಚರು ಎಲೆ-ಅಡಿಕೆ ತೆಗೆದುಕೊಂಡು ಸಾಕ್ಷಿಗಳಾಗುತ್ತಾರೆ. ತೆಗೆದುಕೊಂಡವರು ಗಂಡನ ಅಣ್ಣ-ಅತ್ತಿಗೆಯಾದರೆ ಅಂದಿನಿಂದ ಹಡೆದಾಕೆ ತನ್ನ ಮಗುವಿಗೆ ಕಾಕು, ಅಂದರೆ ಚಿಕ್ಕಮ್ಮ, ಆಗುತ್ತಾಳೆ. ಅದೇ ಮಗು ಅದೇ ಹಿತ್ತಲಲ್ಲಿ ಆಡುತ್ತಿರುತ್ತದೆ, ಬಿದ್ದು ಅತ್ತಾಗ ಓಡಿ ಹೋಗಿ ಎತ್ತಿಕೊಳ್ಳುವ ಹಕ್ಕು ಮಾತ್ರ ಇನ್ನೊಬ್ಬರದು. ಕಾಯಿದೆಯ ಪುಸ್ತಕಗಳಲ್ಲಿ ಈ ಹೆಂಗಸಿನ ಸ್ಥಿತಿಗೆ ಒಂದು ಸಾಲಿನ ಜಾಗವೂ ಇಲ್ಲ.

ಇದಾದ ಮೇಲೆ ಕಾಗದ. ದತ್ತಕ ಪತ್ರದ ನಮೂನೆ ಬಹಳ ಮಟ್ಟಿಗೆ ಖರೀದಿ ಪತ್ರದಂತೆಯೇ ಇರುತ್ತದೆ. ಬರೆದುಕೊಟ್ಟವರು, ಬರೆಯಿಸಿಕೊಂಡವರು, ಇಬ್ಬರ ವಯಸ್ಸು, ಉದ್ಯೋಗ, ಊರು. ಆಮೇಲೆ ಕಾರಣ, ಅಂದರೆ ಸಂತಾನವಿಲ್ಲದಿರುವುದು, ವಂಶ ಮುಂದುವರಿಯಬೇಕಾಗಿರುವುದು. ಆಮೇಲೆ ಹಕ್ಕು, ಇಂದಿನಿಂದ ಮಗು ಸ್ಥಿರ-ಚರ ಆಸ್ತಿಗೆ ವಾರಸುದಾರ ಎಂಬುದು. ಕೊನೆಗೆ ಹಡೆದವರಿಗೆ ಮಗುವಿನ ಮೇಲೆ ಯಾವ ಹಕ್ಕೂ ಉಳಿದಿಲ್ಲ ಎಂಬ ಒಕ್ಕಣೆ. ಹಡೆದಾಕೆಯ ಹೆಬ್ಬೆಟ್ಟಿನ ಗುರುತು ಅಥವಾ ಸಹಿ ತಳದಲ್ಲಿ. ಪತ್ರ ಓದಿದರೆ ಹೊಲ ಗದ್ದೆಯ ಮಾತು ಎಷ್ಟು ವಿಸ್ತಾರ, ಮಗುವಿನ ಮಾತು ಎಷ್ಟು ಸಂಕ್ಷೇಪ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಇದರ ಬೇರು ಹಳೆಯದು. ದತ್ತಕದ ಬಗ್ಗೆ ಧರ್ಮಶಾಸ್ತ್ರಕಾರರು ಹೆಚ್ಚಾಗಿ ಆಧರಿಸಿದ್ದು ವಸಿಷ್ಠ ಧರ್ಮಸೂತ್ರವನ್ನು. ಮಗುವನ್ನು ಕೊಡುವ ಅಧಿಕಾರ ತಂದೆ-ತಾಯಿ ಇಬ್ಬರಿಗೂ ಇದೆ, ಆದರೆ ಒಬ್ಬನೇ ಮಗನಿದ್ದರೆ ಕೊಡಬಾರದು, ಹೆಂಗಸು ಗಂಡನ ಅನುಮತಿ ಇಲ್ಲದೆ ಕೊಡಲೂ ಬಾರದು ತೆಗೆದುಕೊಳ್ಳಲೂ ಬಾರದು ಎಂಬುದು ಅದರ ತಾತ್ಪರ್ಯ. ಕ್ರಿ.ಶ. 1100ರ ಸುಮಾರಿಗೆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಭಾರತದ ಬಹುಭಾಗದ ಹಿಂದೂ ಕಾಯಿದೆಗೆ ಆಧಾರವಾಯಿತು. ಮುಂಬಯಿ ಪ್ರಾಂತದಲ್ಲಿ ಅದರ ಜೊತೆಗೆ ವ್ಯವಹಾರ ಮಯೂಖ ಎಂಬ ಗ್ರಂಥವೂ ಸೇರಿತು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದ್ದಾದ್ದರಿಂದ ಇಲ್ಲಿಯ ಕುಟುಂಬಗಳಿಗೆ ಅನ್ವಯವಾದದ್ದು ಮುಂಬಯಿ ಶಾಖೆಯ ನಿಯಮ. ಅದು ಬಹಳ ಉದಾರ. ಗಂಡ ಬಾಯಿಬಿಟ್ಟು ಅನುಮತಿ ಕೊಡದೆ ಸತ್ತಿದ್ದರೂ ವಿಧವೆ ದತ್ತಕ ತೆಗೆದುಕೊಳ್ಳಬಹುದಿತ್ತು. ಮದುವೆಯಾದವನೂ, ಮಕ್ಕಳಿದ್ದವನೂ ದತ್ತಕ ಹೋಗಬಹುದಿತ್ತು. ಒಬ್ಬನೇ ಮಗನ ವಿಷಯದ ನಿಷೇಧವನ್ನು 1899ರಲ್ಲಿ ಪ್ರಿವಿ ಕೌನ್ಸಿಲ್ ಬರೀ ಉಪದೇಶ, ಕಟ್ಟಳೆಯಲ್ಲ ಎಂದು ತೀರ್ಮಾನಿಸಿತು.

ಮಕ್ಕಳಿದ್ದವನು ದತ್ತಕ ಹೋದರೆ ಏನಾಗುತ್ತದೆ? 1909ರಲ್ಲಿ ಮುಂಬಯಿ ಹೈಕೋರ್ಟು ಇದಕ್ಕೆ ಉತ್ತರ ಹೇಳಿದ ಮೊಕದ್ದಮೆಯ ಹೆಸರೇ ನಮ್ಮ ಸೀಮೆಯ ಬಾಯಲ್ಲಿ ಆಡುವಂಥದ್ದು: ಕಲಗೌಡ ತವನಪ್ಪ ವಿರುದ್ಧ ಸೋಮಪ್ಪ ತಮನಗೌಡ. ಗಂಡ ದತ್ತಕ ಹೋದರೆ ಹೆಂಡತಿ ಅವನೊಂದಿಗೆ ಹೊಸ ಮನೆತನಕ್ಕೆ ಸೇರುತ್ತಾಳೆ, ಆದರೆ ಅದಕ್ಕೆ ಮೊದಲೇ ಹುಟ್ಟಿದ ಮಗ ಸೇರುವುದಿಲ್ಲ. ಅವನ ಗೋತ್ರವೂ ವಾರಸು ಹಕ್ಕೂ ಹುಟ್ಟಿದ ಮನೆಯಲ್ಲೇ ಉಳಿಯುತ್ತವೆ ಎಂಬುದು ಆ ತೀರ್ಪಿನ ಸಾರ. ವಾರಸಿನ ಕಣ್ಣಿನಿಂದ ನೋಡಿದರೆ ಇದು ಮಗನಿಗೆ ಅನುಕೂಲವೇ, ಅಜ್ಜನ ಆಸ್ತಿ ಕೈತಪ್ಪುವುದಿಲ್ಲ. ಮನೆಯ ಕಣ್ಣಿನಿಂದ ನೋಡಿ: ಒಂದೇ ದಿನದಲ್ಲಿ ತಾಯಿ ಒಂದು ಮನೆತನದವಳು, ಅವಳ ಮಗ ಇನ್ನೊಂದು ಮನೆತನದವನು. ಹೆತ್ತವರನ್ನೂ ಮಗುವನ್ನೂ ಕಾಗದದ ಮೇಲೆ ಬೇರೆ ಮಾಡುವುದು ಅಂದಿನ ಕಾಯಿದೆಗೆ ಯಾವ ಸಂಕಟವನ್ನೂ ತರಲಿಲ್ಲ. ಅದರ ಮುಂದಿದ್ದ ಪ್ರಶ್ನೆ ಜಮೀನಿನದು.

ಕಿತ್ತೂರಿನ ಕತೆಯನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು. 1824ರ ಸೆಪ್ಟೆಂಬರಿನಲ್ಲಿ ಅಲ್ಲಿಯ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ದತ್ತಕ ತೆಗೆದುಕೊಂಡಿದ್ದ ಬಾಲಕ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕದ ಕಾಗದವನ್ನೇ ಸಂಶಯದಿಂದ ನೋಡಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಆಮೇಲಿನದು ಎಲ್ಲರಿಗೂ ಗೊತ್ತು. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಈ ನಾಡಿನ ಅತ್ಯಂತ ಪ್ರಸಿದ್ಧ ದತ್ತಕ ತಂಟೆಯಲ್ಲಿ ಎರಡೂ ಪಕ್ಷಗಳು ವಾದಿಸಿದ್ದು ಮಗುವಿನಿಂದ ಹುಟ್ಟುವ ಅಧಿಕಾರದ ಬಗ್ಗೆ. ಆ ಬಾಲಕನ ಬದುಕು ಅದರಲ್ಲಿ ಪ್ರಶ್ನೆಯಾಗಲೇ ಇಲ್ಲ.

ಅರಸು ಮನೆತನಗಳಲ್ಲಿ ಇನ್ನೊಂದು ಬಗೆಯೂ ಇತ್ತು. ನಿಪ್ಪಾಣಿಗೆ ಹತ್ತಿರದ ಕಾಗಲದ ಘಾಟಗೆ ಮನೆತನದ ಯಶವಂತರಾವ 1884ರ ಮಾರ್ಚ್ 17ರಂದು ಕೊಲ್ಹಾಪುರದ ಗಾದಿಗೆ ದತ್ತಕ ಹೋದಾಗ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಅವರೇ ಮುಂದೆ ಶಾಹೂ ಮಹಾರಾಜರು. ತಾಯಿ ರಾಧಾಬಾಯಿ ಮುಧೋಳದ ಮಗಳು, ಮಗ ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ತಂದೆ ಜಯಸಿಂಗರಾವ ಘಾಟಗೆ ಆಗ ಕೊಲ್ಹಾಪುರ ಸಂಸ್ಥಾನದ ರೀಜೆಂಟ್. ಅಂದರೆ ಮಗನನ್ನು ಕೊಟ್ಟ ತಂದೆಯೇ ಮಗನ ರಾಜ್ಯವನ್ನು ನೋಡಿಕೊಳ್ಳುತ್ತಿದ್ದರು. ಕೊಟ್ಟ ಮೇಲೂ ಹಡೆದವರು ದೂರ ಸರಿಯಬೇಕಾಗಿಲ್ಲ ಎಂಬುದಕ್ಕೆ ಇದು ನಮ್ಮ ಮಗ್ಗುಲಿನಲ್ಲೇ ಇರುವ ಉದಾಹರಣೆ. ಶಾಸ್ತ್ರದ ಮಾತು ಏನೇ ಇರಲಿ, ದೊಡ್ಡ ಮನೆತನಗಳು ತಮ್ಮ ಅನುಕೂಲಕ್ಕೆ ತಕ್ಕಂತೆ ನಂಟನ್ನು ಉಳಿಸಿಕೊಂಡಿದ್ದವು. ಬಡ ಒಕ್ಕಲು ಮಗಳಿಗೆ ಆ ಅನುಕೂಲ ಸಿಕ್ಕಲಿಲ್ಲ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಹಳೆಯ ಕಾಯಿದೆಯಲ್ಲಿ ದತ್ತಕ ಎಂದರೆ ಗಂಡುಮಗುವೇ. ಹೆಣ್ಣುಮಗುವನ್ನು ದತ್ತಕ ತೆಗೆದುಕೊಳ್ಳುವ ಪದ್ಧತಿ ಇದ್ದದ್ದು ದೇವದಾಸಿಯರಲ್ಲಿ, ನಾಯಕಸಾನಿಯರಲ್ಲಿ. ಸವದತ್ತಿಯ ಎಲ್ಲಮ್ಮ, ಅಥಣಿ ತಾಲ್ಲೂಕಿನ ಕೊಕಟನೂರಿನ ಎಲ್ಲಮ್ಮ ಇವರ ಹೆಸರಿನಲ್ಲಿ ಈ ಸೀಮೆಯ ಎಷ್ಟೋ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಗಿದೆ. 1880ರಲ್ಲಿ ಮುಂಬಯಿ ಹೈಕೋರ್ಟು, ಮಥುರಾ ನಾಯಕಿಣ ವಿರುದ್ಧ ಏಸು ನಾಯಕಿಣ ಮೊಕದ್ದಮೆಯಲ್ಲಿ, ಇಂಥ ದತ್ತಕವನ್ನು ಮಾನ್ಯ ಮಾಡಲು ನಿರಾಕರಿಸಿತು. ಮುಂಬಯಿ ಸರ್ಕಾರದ 1934ರ ದೇವದಾಸಿ ರಕ್ಷಣಾ ಕಾಯಿದೆ, ಕರ್ನಾಟಕದ 1982ರ ಸಮರ್ಪಣೆ ನಿಷೇಧ ಕಾಯಿದೆ ಆಮೇಲೆ ಬಂದವು. ಇಲ್ಲಿ ಹಡೆದವರು ಮಗುವನ್ನು ಮರಳಿ ಕೇಳಿದ್ದಕ್ಕಿಂತ, ಹಡೆದವರೇ ಕೊಟ್ಟು ಕೈತೊಳೆದುಕೊಂಡದ್ದು ಹೆಚ್ಚು. ಮಗುವಿನ ಹಿತ ಎಂಬ ಅಳತೆಗೋಲು ಹಡೆದವರ ವಿರುದ್ಧವೂ ಬೇಕಾಗುತ್ತದೆ ಎಂಬುದಕ್ಕೆ ಈ ಚರಿತ್ರೆ ಸಾಕು.

1956ರಲ್ಲಿ ಎರಡು ಕಾಯಿದೆಗಳು ಬಂದವು. ಆಗಸ್ಟ್ 25ರಂದು ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯಿದೆ, ಡಿಸೆಂಬರ್ 21ರಂದು ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ. ನಡುವೆ ನಾಲ್ಕು ತಿಂಗಳ ಅಂತರ. ಆ ಅಂತರದ ಗುರುತು ಇಂದಿಗೂ ಕಾಯಿದೆಯ ಮೈಮೇಲಿದೆ. ಪಾಲಕತ್ವ ಕಾಯಿದೆಯ 7ನೇ ಕಲಂ ದತ್ತಕ ಮಗನ ಪಾಲಕತ್ವ ದತ್ತಕ ತಂದೆಗೆ, ಅವನ ನಂತರ ದತ್ತಕ ತಾಯಿಗೆ ಹೋಗುತ್ತದೆ ಎನ್ನುತ್ತದೆ. ದತ್ತಕ ಮಗಳ ಹೆಸರೇ ಅಲ್ಲಿಲ್ಲ. ಏಕೆಂದರೆ ಮಗಳನ್ನು ದತ್ತಕ ತೆಗೆದುಕೊಳ್ಳಲು ಎಲ್ಲ ಹಿಂದೂಗಳಿಗೂ ಅವಕಾಶ ಬಂದದ್ದು ನಾಲ್ಕು ತಿಂಗಳ ತರುವಾಯದ ಕಾಯಿದೆಯಿಂದ. ಈ ಲೋಪವನ್ನು ತಿದ್ದಲು ಒಂದು ಸಾಲಿನ ತಿದ್ದುಪಡಿ ಸಾಕಿತ್ತು.

ದತ್ತಕ ಕಾಯಿದೆ ವೀರಶೈವ, ಲಿಂಗಾಯತ, ಜೈನ, ಬೌದ್ಧ, ಸಿಖ್ ಎಲ್ಲರಿಗೂ ಅನ್ವಯ. ಹಡೆದವರ ಪ್ರಶ್ನೆಗೆ ಸಂಬಂಧಿಸಿ ಅದರಲ್ಲಿ ಮೂರು ಕಲಂಗಳು ಮುಖ್ಯ. 11ನೇ ಕಲಂ ಪ್ರಕಾರ ಮಗುವನ್ನು ನಿಜವಾಗಿ ಕೊಟ್ಟು ತೆಗೆದುಕೊಂಡಿರಬೇಕು, ಹುಟ್ಟಿದ ಮನೆಯಿಂದ ಇನ್ನೊಂದು ಮನೆಗೆ ವರ್ಗಾಯಿಸುವ ಉದ್ದೇಶವಿರಬೇಕು. ದತ್ತ ಹೋಮ ಕಡ್ಡಾಯವಲ್ಲ. 12ನೇ ಕಲಂ ಪ್ರಕಾರ ಅಂದಿನಿಂದ ಹುಟ್ಟಿದ ಮನೆಯ ಎಲ್ಲ ನಂಟೂ ಕಡಿದು ಹೋಗುತ್ತದೆ. 15ನೇ ಕಲಂ ಪ್ರಕಾರ ಸರಿಯಾಗಿ ಆದ ದತ್ತಕವನ್ನು ತೆಗೆದುಕೊಂಡವರೂ ರದ್ದು ಮಾಡುವಂತಿಲ್ಲ, ಬೇರೆ ಯಾರೂ ಮಾಡುವಂತಿಲ್ಲ, ಮಗುವೂ ದೊಡ್ಡದಾಗಿ ಹುಟ್ಟಿದ ಮನೆಗೆ ಮರಳುವಂತಿಲ್ಲ. ಆ “ಬೇರೆ ಯಾರೂ” ಎಂಬುದರೊಳಗೆ ಹಡೆದವರೂ ಬಂದರು. ದತ್ತಕ ಸಿದ್ಧವಾದರೆ ಮರುಬೇಡಿಕೆಯ ಬಾಗಿಲು ಮುಚ್ಚಿತು.

ಹಾಗಾಗಿ ಜಗಳವೆಲ್ಲ ಒಂದು ಹೆಜ್ಜೆ ಹಿಂದೆ ನಡೆಯುತ್ತದೆ: ದತ್ತಕ ಆಗಿತ್ತೋ ಇಲ್ಲವೋ? ಹಡೆದವರು ಹೇಳುತ್ತಾರೆ, ‘ಜ್ವಾಪಾನ ಮಾಡ್ರಿ ಅಂತ ಬಿಟ್ಟಿದ್ವಿ, ದತ್ತಕ ಕೊಟ್ಟಿಲ್ಲ.’ ಸಾಕಿದವರು ಹೇಳುತ್ತಾರೆ, ‘ಪಂಚರ ಮುಂದ ಉಡಿಯೊಳಗ ಹಾಕ್ಯಾರ.’ ಸುಪ್ರೀಂ ಕೋರ್ಟು 1959ರಿಂದಲೇ ದತ್ತಕದ ಪುರಾವೆ ಸಂಶಯಕ್ಕೆ ಎಡೆಯಿಲ್ಲದಂತೆ ಇರಬೇಕೆಂದು ಹೇಳುತ್ತ ಬಂದಿದೆ. ಕೊಡುವುದು-ತೆಗೆದುಕೊಳ್ಳುವುದು ಕೈಯಾರೆ ನಡೆದಿರಬೇಕು ಎಂದು 1961ರಲ್ಲಿ ಸ್ಪಷ್ಟಪಡಿಸಿತು. ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡಿ ನೋಂದಾಯಿಸಿದ ಪತ್ರವಿದ್ದರೆ 16ನೇ ಕಲಂ ಪ್ರಕಾರ ದತ್ತಕ ಸರಿಯಾಗಿಯೇ ಆಗಿದೆ ಎಂದು ನ್ಯಾಯಾಲಯ ಭಾವಿಸಬೇಕು. ಅಲ್ಲಗಳೆಯುವವರು ಸಾಬೀತು ಮಾಡಬೇಕು. ಪತ್ರ ಇಲ್ಲದಿದ್ದರೆ ಹೊರೆ ಸಾಕಿದವರ ಮೇಲೆ.

ಹಳ್ಳಿಯ ನಿಜಸ್ಥಿತಿ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಪತ್ರ ಬರೆದಿರುವುದಿಲ್ಲ, ಬರೆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿರುವುದಿಲ್ಲ. ಆದರೆ ಅಂಗನವಾಡಿಯ ಪುಸ್ತಕದಲ್ಲಿ, ಶಾಲೆಯ ದಾಖಲಾತಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ ಸಾಕಿದವರ ಹೆಸರೇ ತಂದೆ-ತಾಯಿಯ ಜಾಗದಲ್ಲಿ ಕುಳಿತಿರುತ್ತದೆ. ಜನನ ಪ್ರಮಾಣಪತ್ರದಲ್ಲಿ ಮಾತ್ರ ಹಡೆದವರು. ಒಂದೇ ಮಗುವಿಗೆ ಎರಡು ಜೋಡಿ ತಂದೆ-ತಾಯಿಗಳು ಸರ್ಕಾರದ ಕಾಗದಗಳಲ್ಲೇ ಇರುತ್ತಾರೆ. ಹತ್ತು ವರ್ಷ ಯಾರಿಗೂ ಇದು ತೊಡಕಾಗುವುದಿಲ್ಲ, ಮನಸ್ತಾಪ ಬಂದ ದಿನ ಎರಡೂ ಕಡೆಯವರು ತಮ್ಮ ತಮ್ಮ ಕಾಗದ ಹಿಡಿದು ವಕೀಲರ ಬಳಿ ಹೋಗುತ್ತಾರೆ.

ತಾಯಿಯ ಒಪ್ಪಿಗೆಯ ಪ್ರಶ್ನೆಯೂ ಇದೆ. 2010ರ ತಿದ್ದುಪಡಿಯವರೆಗೆ ತಂದೆ ಬದುಕಿದ್ದರೆ ಮಗುವನ್ನು ಕೊಡುವ ಹಕ್ಕು ಅವನೊಬ್ಬನದೇ; ತಾಯಿ ಒಪ್ಪಿಗೆ ಕೊಡಬೇಕಷ್ಟೇ. ತಿದ್ದುಪಡಿಯ ನಂತರ ಇಬ್ಬರಿಗೂ ಸಮಾನ ಹಕ್ಕು, ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಕೊಡುವಂತಿಲ್ಲ. ಕಾಗದದ ಮೇಲೆ ಇದು ದೊಡ್ಡ ಬದಲಾವಣೆ. ಆದರೆ ಬಾಣಂತನ ಮುಗಿಯದ ಸೊಸೆ ಅತ್ತೆ-ಮಾವಂದಿರ, ಭಾವನ ಎದುರು ಒಲ್ಲೆ ಎನ್ನುವುದು ಎಷ್ಟು ಮನೆಗಳಲ್ಲಿ ಸಾಧ್ಯ? ಅವಳು ಮಾಡಿದ ಸಹಿ ನಿಜವಾದ ಒಪ್ಪಿಗೆಯೇ ಎಂದು ಕೇಳಿ ತಿಳಿಯುವವರು ಈ ಕಾಯಿದೆಯಲ್ಲಿ ಯಾರೂ ಇಲ್ಲ. ಮಗು ಹುಟ್ಟಿ ಎಷ್ಟು ದಿನವಾದ ಮೇಲೆ ಕೊಡಬಹುದು ಎಂಬ ಮಿತಿಯೂ ಇಲ್ಲ, ಕೊಟ್ಟ ಮೇಲೆ ಮರುಚಿಂತನೆಗೆ ಗಡುವೂ ಇಲ್ಲ.

ಅಂಥ ಗಡುವು ಬಾಲನ್ಯಾಯ ಕಾಯಿದೆಯಲ್ಲಿ ಇದೆ. 2015ರ ಆ ಕಾಯಿದೆಯ 35ನೇ ಕಲಂ ಪ್ರಕಾರ ಹೆತ್ತವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಿದರೆ ಎರಡು ತಿಂಗಳ ಕಾಲ ಯೋಚನೆ ಬದಲಿಸಲು ಅವಕಾಶ. ಸಮಿತಿ ಸಮಾಲೋಚನೆ ಮಾಡಿಸಬೇಕು. ಗಡುವು ಮುಗಿದ ಮೇಲೆಯೇ ಮಗು ದತ್ತಕಕ್ಕೆ ಮುಕ್ತ. ಆದರೆ ಹಿಂದೂ ದತ್ತಕ ಕಾಯಿದೆಯ ಅಡಿಯಲ್ಲಿ ನಡೆಯುವ ಕೊಡು-ಕೊಳ್ಳುವಿಕೆಗೆ ಇದು ಅನ್ವಯವಾಗುವುದಿಲ್ಲ ಎಂದು ಅದೇ ಕಾಯಿದೆಯ 56ನೇ ಕಲಂ ಹೇಳುತ್ತದೆ. ಗುರುತಿಲ್ಲದವರಿಗೆ ಮಗುವನ್ನು ಒಪ್ಪಿಸುವ ತಾಯಿಗೆ ಎರಡು ತಿಂಗಳು, ಭಾವನಿಗೆ ಕೊಡುವ ತಾಯಿಗೆ ಒಂದು ದಿನವೂ ಇಲ್ಲ.

ಈ ಗಡುವು ಏಕೆ ಮುಖ್ಯವೆಂಬುದನ್ನು ಅಮೆರಿಕದ ‘ಬೇಬಿ ಜೆಸ್ಸಿಕಾ’ ಪ್ರಕರಣ ತೋರಿಸಿತು. ಅಯೋವಾ ರಾಜ್ಯದ ಕಾಯಿದೆಯಂತೆ ಹೆರಿಗೆಯಾಗಿ 72 ಗಂಟೆ ಕಳೆಯುವ ಮೊದಲು ತಾಯಿಯ ಬಿಡುಗಡೆ ಪತ್ರ ತೆಗೆದುಕೊಳ್ಳುವಂತಿರಲಿಲ್ಲ. ಆ ತಾಯಿ ಸಹಿ ಮಾಡಿದ್ದು ಅದಕ್ಕೂ ಮೊದಲು. ತಂದೆಯೆಂದು ಬೇರೊಬ್ಬನ ಹೆಸರು ಬರೆದಿದ್ದಳು, ನಿಜವಾದ ತಂದೆ ಒಪ್ಪಿಗೆ ಕೊಟ್ಟೇ ಇರಲಿಲ್ಲ. ಕೆಲವೇ ವಾರಗಳಲ್ಲಿ ಹಡೆದವರು ಮಗುವನ್ನು ಕೇಳಿದರು, ಸಾಕುತ್ತಿದ್ದ ಮಿಶಿಗನ್ ದಂಪತಿ ಬಿಡಲಿಲ್ಲ. ಮೊಕದ್ದಮೆ ಎಳೆದಾಡಿ, 1993ರ ಆಗಸ್ಟಿನಲ್ಲಿ ಮಗುವನ್ನು ಹಡೆದವರಿಗೆ ಒಪ್ಪಿಸುವ ಹೊತ್ತಿಗೆ ಅದಕ್ಕೆ ಎರಡೂವರೆ ವರ್ಷ. ಅಳುವ ಮಗುವನ್ನು ಸಾಕಿದ ಮನೆಯಿಂದ ಒಯ್ಯುವುದನ್ನು ದೇಶವೇ ಟಿವಿಯಲ್ಲಿ ನೋಡಿತು. ಮೊದಲ ತಿಂಗಳಲ್ಲಿ ತೀರಬಹುದಾಗಿದ್ದ ತಂಟೆಗೆ ಆ ಮಗು ತನ್ನ ಬುದ್ಧಿ ಬಂದ ಕಾಲವನ್ನೆಲ್ಲ ತೆತ್ತಿತು.

ನಮ್ಮ ರಾಜ್ಯದ್ದೇ ಪ್ರಕರಣಕ್ಕೆ ಬರೋಣ. 2020ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಹುಟ್ಟಿದ ದಿನವೇ ಒಂದು ಗಂಡುಕೂಸು ಕಳುವಾಯಿತು. ಸುಮಾರು ಒಂದು ವರ್ಷದ ಹುಡುಕಾಟದ ಮೇಲೆ ಪೊಲೀಸರಿಗೆ ಅದು ಸಿಕ್ಕಿದ್ದು ಕೊಪ್ಪಳದ ದಂಪತಿಯ ಮನೆಯಲ್ಲಿ. ಬಾಡಿಗೆ ತಾಯಿಯ ಮೂಲಕ ನಿಮ್ಮದೇ ಮಗು ಹುಟ್ಟಿಸಿಕೊಡುತ್ತೇವೆಂದು ನಂಬಿಸಿ, ದೊಡ್ಡ ಮೊತ್ತ ಪಡೆದು, ಕದ್ದ ಕೂಸನ್ನು ಅವರ ಕೈಗಿಟ್ಟಿದ್ದರೆಂಬುದು ಪೊಲೀಸರ ಆರೋಪ. ಡಿಎನ್‌ಎ ಪರೀಕ್ಷೆಯಿಂದ ಹಡೆದ ತಾಯಿ ಯಾರೆಂದು ಖಚಿತವಾಯಿತು. 2021ರಲ್ಲಿ ಇದು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರ ಮುಂದೆ ಬಂತು.

ಸಾಕಿದ ತಾಯಿಯ ಪರವಾಗಿ ಬಂದ ವಾದಗಳು ಕನ್ನಡದ ಯಾವ ಮನೆಯಲ್ಲಾದರೂ ಕೇಳಬಹುದಾದವು. ದೇವಕಿ-ಯಶೋದೆಯರ ಕತೆ ಬಂತು. ಹಡೆದಾಕೆಗೆ ಆಗಲೇ ಇಬ್ಬರು ಮಕ್ಕಳಿದ್ದಾರೆ, ಈಕೆಗೆ ಒಂದೂ ಇಲ್ಲ, ಇದನ್ನು ಈಕೆಗೇ ಬಿಡಿ ಎಂಬ ಮಾತು ಬಂತು. ನ್ಯಾಯಮೂರ್ತಿಗಳು ಎರಡನ್ನೂ ಒಪ್ಪಲಿಲ್ಲ. ದೇವಕಿ-ಯಶೋದೆಯರ ನಡುವೆ ಇಂಥ ವ್ಯಾಜ್ಯ ನಡೆದಿತ್ತೆಂದು ತೋರಿಸುವ ಆಧಾರವಿಲ್ಲವೆಂದರು. ಹೆಚ್ಚಿದ್ದವರಿಂದ ತೆಗೆದು ಇಲ್ಲದವರಿಗೆ ಹಂಚಲು ಮಕ್ಕಳು ಸ್ವತ್ತಲ್ಲವೆಂದರು. ಎದೆಹಾಲು ಕುಡಿಸುವುದು ತಾಯಿಯ ಹಕ್ಕು, ಕುಡಿಯುವುದು ಕೂಸಿನ ಹಕ್ಕು, ಇದಕ್ಕೆ ಸಂವಿಧಾನದ 21ನೇ ವಿಧಿಯ ರಕ್ಷಣೆ ಇದೆ ಎಂದರು.

ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮುಕ್ತಾಯ. ಕೊಪ್ಪಳದ ತಾಯಿ ಮಗುವನ್ನು ಒಪ್ಪಿಸಿದಳು. ಹಡೆದ ತಾಯಿ, ಈಕೆ ಯಾವಾಗ ಬೇಕಾದರೂ ಬಂದು ಮಗುವನ್ನು ನೋಡಬಹುದು ಎಂದಳು. ಇಬ್ಬರೂ ಬೇರೆ ಬೇರೆ ಧರ್ಮದವರು. ನ್ಯಾಯಾಲಯ ಇದನ್ನು ಸಂತೋಷದಿಂದ ದಾಖಲಿಸಿತು. ಕಾಯಿದೆಯ ಯಾವ ಕಲಮಿನಲ್ಲೂ ಇಲ್ಲದ ಪರಿಹಾರವನ್ನು ಆ ಇಬ್ಬರು ಹೆಂಗಸರು ತಾವೇ ಕಂಡುಕೊಂಡರು. ಒಂದು ವರ್ಷ ತನ್ನ ಕೂಸನ್ನು ಕಳೆದುಕೊಂಡಿದ್ದವಳು, ಅದನ್ನು ಆ ವರ್ಷ ಸಾಕಿದವಳ ನೋವನ್ನು ಅರಿತು ಆಡಿದ ಮಾತು ಅದು. ಈ ಟಿಪ್ಪಣಿಗಾಗಿ ನಾನು ನೋಡಿದ ಇಡೀ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ಮನಸ್ಸಿನ ಮಾತು ಇನ್ನೊಂದಿಲ್ಲ.

ಕೊಪ್ಪಳ ಜಿಲ್ಲೆಯಿಂದಲೇ ಇನ್ನೊಂದು ಪ್ರಕರಣ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂತು. ಅವಳಿ ಹೆಣ್ಣುಮಕ್ಕಳಲ್ಲಿ ಒಂದನ್ನು ಹಡೆದವರೇ ಛಾಪಾ ಕಾಗದದ ಮೇಲೆ ಬರೆದು ಇನ್ನೊಂದು ದಂಪತಿಗೆ ಕೊಟ್ಟಿದ್ದರು. ಬಾಲನ್ಯಾಯ ಕಾಯಿದೆಯ 80ನೇ ಕಲಮಿನಡಿ ನಾಲ್ವರ ಮೇಲೂ ಮೊಕದ್ದಮೆ ಹೂಡಲಾಗಿತ್ತು. ಮಗು ಅನಾಥವಲ್ಲ, ಪರಿತ್ಯಕ್ತವಲ್ಲ, ಸಮಿತಿಗೆ ಒಪ್ಪಿಸಿದ್ದೂ ಅಲ್ಲ, ಹಾಗಾಗಿ ಈ ಕಲಂ ಅನ್ವಯಿಸದು ಎಂದು ನ್ಯಾಯಮೂರ್ತಿ ಹೇಮಂತ ಚಂದನಗೌಡರ ಅವರು ಮೊಕದ್ದಮೆಯನ್ನು ರದ್ದು ಮಾಡಿದರು. ಶಿಕ್ಷೆ ತಪ್ಪಿತು, ಸರಿ. ಆದರೆ ಆ ಕಾಗದದಿಂದ ಮಗು ಯಾರದಾಯಿತು ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಛಾಪಾ ಕಾಗದ ಮಾಡಿಸಿದ್ದರಿಂದಲೇ ದತ್ತಕ ಆಗಿಬಿಟ್ಟಿತೆಂದು ಯಾರೂ ಈ ತೀರ್ಪಿನಿಂದ ತಿಳಿಯಬಾರದು. ಹಣ ಕೈ ಬದಲಾಯಿಸಿದರಂತೂ ಮಾತೇ ಬೇರೆ: ದತ್ತಕ ಕಾಯಿದೆಯ 17ನೇ ಕಲಂ ಹಣ ಪಡೆಯುವುದನ್ನು ನಿಷೇಧಿಸುತ್ತದೆ, ಬಾಲನ್ಯಾಯ ಕಾಯಿದೆಯ 81ನೇ ಕಲಂ ಮಗುವಿನ ಮಾರಾಟಕ್ಕೆ ಐದು ವರ್ಷದವರೆಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ಹಸುಗೂಸುಗಳ ಮಾರಾಟದ ಸುದ್ದಿಗಳು ನಮ್ಮ ಬೆಳಗಾವಿ ಜಿಲ್ಲೆಯಿಂದಲೇ ಬಂದಿರುವಾಗ ಇದನ್ನು ಒತ್ತಿ ಹೇಳಬೇಕಾಗಿದೆ.

ಕೇರಳದ ತಿರುವನಂತಪುರದಲ್ಲಿ 2021ರಲ್ಲಿ ನಡೆದದ್ದು ಸಮಯದ ಬೆಲೆಯನ್ನು ತೋರಿಸುತ್ತದೆ. ತನಗೆ ತಿಳಿಯದಂತೆ ತನ್ನ ತಂದೆ-ತಾಯಿಯೇ ಕೂಸನ್ನು ಕೊಟ್ಟುಬಿಟ್ಟರೆಂದು ತಾಯಿಯೊಬ್ಬಳು ಬೀದಿಗಿಳಿದಳು. ಮಗು ಆಂಧ್ರದ ದಂಪತಿಯ ಬಳಿ ದತ್ತಕಪೂರ್ವ ಪಾಲನೆಯಲ್ಲಿತ್ತು. ನ್ಯಾಯಾಲಯದ ಅಂತಿಮ ಆದೇಶ ಇನ್ನೂ ಆಗಿರಲಿಲ್ಲ. ಆ ಕಾರಣದಿಂದಲೇ ಡಿಎನ್‌ಎ ಪರೀಕ್ಷೆ ನಡೆದು, ನವೆಂಬರಿನಲ್ಲಿ ಮಗು ತಾಯಿಯ ಕೈಸೇರಲು ಸಾಧ್ಯವಾಯಿತು. ಇದಕ್ಕೆ ಎದುರಾದದ್ದು ಒಡಿಶಾದಿಂದ ಬಂದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪ್ರಕರಣ. ಅವಳಿಗಳಲ್ಲಿ ಒಂದು ಹೆಣ್ಣುಮಗು ಕೂಸಾಗಿದ್ದಾಗಿನಿಂದ ಸೋದರತ್ತೆಯ ಮನೆಯಲ್ಲಿ ಬೆಳೆದಿತ್ತು, ತಂದೆ ಮರಳಿ ಕೇಳಿದ್ದ. ತೀರ್ಪಿನ ವೇಳೆಗೆ ಹುಡುಗಿಗೆ 14 ವರ್ಷ, ಸಾಕಿದವರಲ್ಲೇ ಇರುತ್ತೇನೆ ಎಂದಳು. ಅವಳ ಮಾತು ಉಳಿಯಿತು. ಕುಟುಂಬ ಮುಸ್ಲಿಂ, ದತ್ತಕವೆಂಬುದೇ ಅಲ್ಲಿಲ್ಲ. ಆದರೂ ಹಡೆದ ತಂದೆಯ ಹಕ್ಕಿಗಿಂತ ಮಗುವಿನ ಹಿತ ಮೇಲಾಯಿತು. ಹಸುಗೂಸು ಹಡೆದವರ ಕಡೆಗೆ, ಬೆಳೆದ ಮಗು ತಾನು ಬೆಳೆದ ಮನೆಯ ಕಡೆಗೆ. ಈ ತೀರ್ಪುಗಳ ಒಲವು ಹೀಗೆ ಕಾಣುತ್ತದೆ.

ಯಡೂರಿನಂಥ ಗಡಿಯ ಊರಿಗೆ ಇನ್ನೊಂದು ತೊಡಕು ಉಂಟು. 1890ರ ಪಾಲಕತ್ವ ಕಾಯಿದೆಯ 9ನೇ ಕಲಂ ಪ್ರಕಾರ ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸವಾಗಿರುವ ಜಾಗದ ನ್ಯಾಯಾಲಯದಲ್ಲಿ. ಮಗುವನ್ನು ಶಿರೋಳ ತಾಲ್ಲೂಕಿನ ಬೀಗರಿಗೋ ಇಚಲಕರಂಜಿಯ ಅಕ್ಕನಿಗೋ ಕೊಟ್ಟಿದ್ದರೆ ಹಡೆದವರು ಮಹಾರಾಷ್ಟ್ರದ ನ್ಯಾಯಾಲಯಕ್ಕೆ ಹೋಗಬೇಕು. ಮರಾಠಿಯಲ್ಲಿ ಅರ್ಜಿ, ಮರಾಠಿಯಲ್ಲಿ ಸಾಕ್ಷಿ. ಅಲ್ಲಿಂದ ಇಲ್ಲಿಗೆ ಕೊಟ್ಟವರಿಗೆ ಇದೇ ಕಷ್ಟ ತಿರುಗುಮುರುಗಾಗಿ. ಮಳೆಗಾಲದಲ್ಲಿ ಕಲ್ಲೋಳ-ಯಡೂರು ಸೇತುವೆ ನೀರಿನಡಿ ಹೋದಾಗ ಚಿಕ್ಕೋಡಿಯೇ ದೂರವಾಗುವ ಜನಕ್ಕೆ ಕೊಲ್ಹಾಪುರದ ತಾರೀಖುಗಳು ಎಂಥ ಹೊರೆ ಎಂದು ಊಹಿಸಬಹುದು. ನಂಟಸ್ತಿಕೆ ಗಡಿಯನ್ನು ಗಣಿಸುವುದಿಲ್ಲ, ನ್ಯಾಯಾಲಯದ ಸರಹದ್ದು ಗಣಿಸುತ್ತದೆ.

ಕೊನೆಯದಾಗಿ ಎರಡು ಕಲಂಗಳನ್ನು ಜೊತೆಗಿಟ್ಟು ನೋಡಬೇಕು. ಎಲ್ಲ ನಂಟನ್ನೂ ಕಡಿಯುವ 12ನೇ ಕಲಂ ಎರಡನ್ನು ಉಳಿಸುತ್ತದೆ: ಹುಟ್ಟಿದ ಮನೆಯಲ್ಲಿ ಮದುವೆಗೆ ನಿಷಿದ್ಧರಾದವರು ನಿಷಿದ್ಧರಾಗಿಯೇ ಇರುತ್ತಾರೆ, ಆಗಲೇ ಮಗುವಿನ ಹೆಸರಿಗೆ ಬಂದಿದ್ದ ಆಸ್ತಿ ಮಗುವಿನದೇ ಆಗಿರುತ್ತದೆ. ಅಂದರೆ ರಕ್ತದ ನಂಟು ಪೂರ್ತಿ ಅಳಿಯುವುದಿಲ್ಲವೆಂಬುದು ಕಾಯಿದೆಗೂ ಗೊತ್ತು. 13ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ತೆಗೆದುಕೊಂಡವರು ಮುಂದೆ ತಮ್ಮ ಆಸ್ತಿಯನ್ನು ಬೇಕಾದಂತೆ ಪರಭಾರೆ ಮಾಡದ ಹಾಗೆ, ದತ್ತಕದ ವೇಳೆಯಲ್ಲೇ ಕರಾರು ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಹೊಲದ ಬಗ್ಗೆ ಕರಾರು ಮಾಡಬಹುದು. ಹಡೆದಾಕೆ ವರ್ಷಕ್ಕೆ ನಾಲ್ಕು ಸಲ ಮಗುವನ್ನು ನೋಡಬಹುದೆಂಬ ಕರಾರಿಗೆ ಈ ಕಾಯಿದೆಯಲ್ಲಿ ಜಾಗವಿಲ್ಲ. ಆ ಜಾಗವನ್ನು ಶಾಸಕಾಂಗ ಮಾಡಿಕೊಡಬೇಕು, ಜೊತೆಗೆ ಬಾಲನ್ಯಾಯ ಕಾಯಿದೆಯ ಎರಡು ತಿಂಗಳ ಗಡುವನ್ನು ಬಂಧುಗಳ ದತ್ತಕಕ್ಕೂ ವಿಸ್ತರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದು ಆಗುವವರೆಗೆ ಈ ಸೀಮೆಯ ಹಿರಿಯರಲ್ಲಿ, ಪಂಚರಲ್ಲಿ, ಪತ್ರ ಬರೆಯುವವರಲ್ಲಿ ಒಂದು ವಿನಂತಿ. ಮಗುವನ್ನು ಉಡಿಗೆ ಹಾಕುವ ಮುನ್ನ ಹಡೆದ ತಾಯಿಯನ್ನು ಒಬ್ಬಳನ್ನೇ ಕೂರಿಸಿ ಕೇಳಿರಿ. ಎರಡು ತಿಂಗಳು ಕಾದು ಪತ್ರ ಬರೆಯಿರಿ, ಬರೆದದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿರಿ, ಮತ್ತು ಹಡೆದವರು ಮಗುವನ್ನು ಎಂದು, ಎಲ್ಲಿ ನೋಡಬಹುದು ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿರಿ.